ತಲೆಯಿಲ್ಲದ ಕಲ್ಲುಹಾವು: ಡ್ಯಾಕ್ಟಿಲಿಯೊಸೆರಾಸ್

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿರುವ ವಿಟ್ಬಿ ಪಟ್ಟಣದ ಲಾಂಛನದಲ್ಲಿ ಸುರುಳಿ ಸುತ್ತಿದ ಮೂರು ಹಾವುಗಳಿವೆ. ಈ ಕಲ್ಪನೆಗೆ ಮೂಲ ಅಲ್ಲಿನ ಕಡಲಬಂಡೆಗಳಲ್ಲಿ ದೊರೆಯುವ ಅಮೋನೈಟ್ ಪಳೆಯುಳಿಕೆಗಳು. ಅವುಗಳಲ್ಲಿ ಹೇರಳವಾಗಿ ಸಿಗುವುದು ಡ್ಯಾಕ್ಟಿಲಿಯೊಸೆರಾಸ್ ಎಂಬ, ಅಳಿದುಹೋದ ಕುಲ.

ಕ್ರಿ.ಶ. 657ರಲ್ಲಿ ವಿಟ್ಬಿಯಲ್ಲಿ ಕ್ರೈಸ್ತ ಮಠ ಸ್ಥಾಪಿಸಿದ ಸಂತ ಹಿಲ್ಡಾ, ಅಲ್ಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳು ಎಂಬುದು ಐತಿಹ್ಯ. ಆದರೆ ಕಲ್ಲಿನ ಹಾವುಗಳಿಗೆ ತಲೆ ಇರಲಿಲ್ಲ. ಆ ಕೊರತೆಯನ್ನು ವ್ಯಾಪಾರಿಗಳು ತುಂಬಿದರು. ಸುರುಳಿಯ ತುದಿಯಲ್ಲಿ ತಲೆ ಕೆತ್ತಿ ಮಾರಿದರು. ಇಂತಹ ಸುರುಳಿಯಲ್ಲಿ ದೈವತ್ವ ಕಂಡವರು ನಮ್ಮಲ್ಲೂ ಇದ್ದಾರೆ. ನೇಪಾಳದ ಗಂಡಕಿ ನದಿಯಿಂದ ತಂದು ಕನ್ನಡಿಗರ ಮನೆಗಳಲ್ಲೂ ಪೂಜಿಸುವ ಸಾಲಿಗ್ರಾಮಗಳಲ್ಲಿ ಅನೇಕವು ಅಮೋನೈಟ್ ಪಳೆಯುಳಿಕೆಗಳೇ. ಆದರೆ ಅವು ಬೇರೆ ಕುಲಗಳಿಗೆ ಸೇರಿದವು.

ಡ್ಯಾಕ್ಟಿಲಿಯೊಸೆರಾಸ್ ಸುಮಾರು 18 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಆರಂಭದ ಘಟ್ಟದಲ್ಲಿ ಸಮುದ್ರದಲ್ಲಿ ಬದುಕಿತ್ತು. ಆಕ್ಟೋಪಸ್ ಹಾಗೂ ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಗಳ ದೂರದ ಬಂಧು ಇದು. ಚಿಪ್ಪಿನ ಎಲ್ಲ ಸುತ್ತುಗಳೂ ಹಗ್ಗದ ಸಿಂಬಿಯಂತೆ ಹೊರಗೆ ಕಾಣುತ್ತವೆ. ಮೇಲೆ ಒತ್ತೊತ್ತಾದ ಏಣುಗಳಿವೆ. ಪ್ರಾಣಿ ವಾಸಿಸುತ್ತಿದ್ದುದು ಕೊನೆಯ ಕೋಣೆಯಲ್ಲಿ ಮಾತ್ರ. ಒಳಗಿನ ಕೋಣೆಗಳಲ್ಲಿದ್ದ ಅನಿಲವು ಅದನ್ನು ನೀರಿನಲ್ಲಿ ತೇಲಿಸುತ್ತಿತ್ತು. ಮೃದುವಾದ ದೇಹ ಕೊಳೆತು ಚಿಪ್ಪು ಮಾತ್ರ ಉಳಿದುದರಿಂದಲೇ ‘ಹಾವಿಗೆ’ ತಲೆ ಇಲ್ಲ.

ಈ ಕುಲಕ್ಕೆ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಆಲ್ಫಿಯಸ್ ಹಯಾಟ್, 1867ರಲ್ಲಿ. ವಿಟ್ಬಿಯ ಮತ್ತೊಂದು ಅಮೋನೈಟ್‌ಗೆ ಅವರು ಹಿಲ್ಡಾಳ ಹೆಸರನ್ನೇ ಸೇರಿಸಿ ‘ಹಿಲ್ಡೊಸೆರಾಸ್’ ಎಂದು ಕರೆದರು.

ವಿಜ್ಞಾನಿಗಳಿಗೆ ಈ ಚಿಪ್ಪು ಒಂದು ಗಡಿಯಾರ. ಅಮೋನೈಟ್‌ಗಳು ಬೇಗ ಬೇಗ ರೂಪ ಬದಲಿಸಿದವು, ದೂರದೂರದ ಸಮುದ್ರಗಳಿಗೂ ಹರಡಿದವು. ಹೀಗಾಗಿ ಎರಡು ದೇಶಗಳ ಶಿಲಾಸ್ತರಗಳಲ್ಲಿ ಒಂದೇ ಪ್ರಭೇದ ಸಿಕ್ಕರೆ, ಅವು ಒಂದೇ ಕಾಲಘಟ್ಟದವು ಎಂದು ಹೇಳಬಹುದು.

ಈ ಗಡಿಯಾರಕ್ಕೆ ಇಂದು ಹೊಸ ಮಹತ್ವ ಬಂದಿದೆ. ಸುಮಾರು 18.3 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಇಂಗಾಲ ಹೆಚ್ಚಿ, ಭೂಮಿ ಬಿಸಿಯಾಗಿ, ಸಮುದ್ರದ ಹಲವೆಡೆ ಆಮ್ಲಜನಕ ಕುಸಿದು ಅನೇಕ ಜೀವಿಗಳು ನಾಶವಾದವು. ವಿಟ್ಬಿ ಸುತ್ತಲಿನ ಕಪ್ಪು ಬಂಡೆಗಳು ಅದರ ದಾಖಲೆ. ಆ ಕುಸಿತ ಯಾವಾಗ ಆರಂಭವಾಯಿತು, ಜೀವಸಂಕುಲ ಯಾವಾಗ ಚೇತರಿಸಿಕೊಂಡಿತು ಎಂಬುದನ್ನು ಪದರ ಪದರವಾಗಿ ಓದಲು ನೆರವಾಗುವುದು ಅಮೋನೈಟ್‌ಗಳೇ. ಬಿಸಿಯೇರುತ್ತಿರುವ ಇಂದಿನ ಸಮುದ್ರಗಳನ್ನು ಅರಿಯಲು ತಲೆಯಿಲ್ಲದ ಆ ಕಲ್ಲುಹಾವಿನ ಸಾಕ್ಷ್ಯ ಬೇಕಾಗಿದೆ.