ಮೂರು ಬೀಪ್, ಒಂದು ಸೆಲ್ಲು: ಹಳೇ ಕಂಪ್ಯೂಟರಿನ ಒಳಗಿನ ಇತಿಹಾಸ

ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ನಮ್ಮ ಬಳಗದ ಕೋಣೆಗೆ ಬಂದರು. 2009ರ ನೆರೆಯಲ್ಲಿ ಅವರ ಮನೆ ಬಿದ್ದಿತ್ತು. ಆಗಿನ್ನೂ ನಾವು ಡಿಪ್ಲೊಮಾ ಓದುತ್ತಿದ್ದೆವು. ಯಾರದೋ ಕ್ಯಾಮೆರಾ ಕೇಳಿ ತಂದು ಆ ಊರಿನ ಫೋಟೊ ತೆಗೆದಿದ್ದೆವು.

"ತಮ್ಮಾ, ನಮ್ಮ ಮನಿ ಬಿದ್ದ ಫೋಟೊ ನಿಮ್ಮ ಕಂಪ್ಯೂಟರ್‌ನ್ಯಾಗ ಐತೇನು?"

"ಐತ್ರಿ ಅಜ್ಜಾರ. ಆದ್ರ ಕಂಪ್ಯೂಟರ್ ಚಾಲೂನ ಆಗವಲ್ದು."

ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು. ಮೂರು ಸಲ ಬೀಪ್ ಎನ್ನುತ್ತಿತ್ತು. ಪರದೆ ಮಾತ್ರ ಕಪ್ಪು. ಅದಕ್ಕೂ ಮೊದಲು ಕೆಲವು ತಿಂಗಳು ಬೇರೊಂದು ಕಾಟವಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು 2002ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತಿತ್ತು. ಗುಜರಿಗೆ ಕೊಡೋಣ ಎಂದು ನಮ್ಮಲ್ಲೇ ಇಬ್ಬರು ಹೇಳಿದ್ದರು. ಅಜ್ಜ ಬಂದ ಮೇಲೆ ಸುಮ್ಮನೆ ಕೊಡಲು ಮನಸ್ಸಾಗಲಿಲ್ಲ. ಆ ಬೀಪ್ ಏನು ಹೇಳುತ್ತಿದೆ ಎಂದು ಹುಡುಕುತ್ತ ಹೋದೆವು. ದಾರಿ ನಲವತ್ತು ವರ್ಷಕ್ಕೂ ಹಿಂದಕ್ಕೆ ಹೋಯಿತು.

ಮೊದಲು ಏಳುವವನು

ಕಂಪ್ಯೂಟರಿಗೆ ಕರೆಂಟು ಬಂದ ಕ್ಷಣ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಕೀಬೋರ್ಡ್ ಎಲ್ಲಿದೆ, ಡಿಸ್ಕ್ ಎಲ್ಲಿದೆ ಎಂಬುದೂ ತಿಳಿಯದು. ಮದರ್‌ಬೋರ್ಡ್ ಮೇಲಿನ ಒಂದು ಚಿಪ್‌ನಲ್ಲಿ ಸಣ್ಣ ಪ್ರೋಗ್ರಾಂ ಇರುತ್ತದೆ. ಅದು ಮೊದಲು ಎದ್ದು ಉಳಿದವರನ್ನು ಎಬ್ಬಿಸುತ್ತದೆ. ಅದೇ ಬಯೋಸ್. ಈ ಹೆಸರು ಬಂದದ್ದು 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ವ್ಯವಸ್ಥೆಯಿಂದ.

ಅದನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಐಬಿಎಂ ಕಂಪನಿಯ ಪಿಸಿ. ಫ್ಲಾರಿಡಾದ ಬೋಕಾ ರಟಾನ್ ಊರಿನಲ್ಲಿ ಡಾನ್ ಎಸ್ಟ್ರಿಡ್ಜ್ ಅವರ ತಂಡ ಅದನ್ನು ಕಟ್ಟಿತು. 1981ರ ಆಗಸ್ಟ್ 12ರಂದು ಅದು ಹೊರಬಂತು. ಅದರ ಬಯೋಸ್ ಬರೀ 8 ಕೆಬಿ. ಮದರ್‌ಬೋರ್ಡ್ ಮೇಲಿನ ಮೆಮೊರಿ 16ರಿಂದ 64 ಕೆಬಿ. ಇಂದು ವಾಟ್ಸಾಪ್‌ನಲ್ಲಿ ಬರುವ ಒಂದು ಸಾಧಾರಣ ಫೋಟೊ ಅದಕ್ಕಿಂತ ದೊಡ್ಡದು.

ಆ ಯಂತ್ರ ಎದ್ದ ಕೂಡಲೇ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿತ್ತು. ಎಲ್ಲ ಸರಿ ಇದ್ದರೆ ಒಂದು ಚಿಕ್ಕ ಬೀಪ್. ಮೆಮೊರಿ ತೊಂದರೆ ಇದ್ದರೆ ಪರದೆಯಲ್ಲಿ 201 ಎಂಬ ಅಂಕಿ. ಆದರೆ ಪರದೆಗೆ ಅಕ್ಷರ ತರಬೇಕಾದರೂ ಸ್ವಲ್ಪ ಮೆಮೊರಿ ನೆಟ್ಟಗಿರಬೇಕಲ್ಲ? ಅದೇ ಕೆಟ್ಟಿದ್ದರೆ ಉಳಿಯುವುದು ಸದ್ದು ಮಾತ್ರ. ಬೀಪ್ ಹುಟ್ಟಿದ್ದು ಹೀಗೆ. ಕಣ್ಣಿಗೆ ತೋರಿಸಲಾಗದ ಯಂತ್ರ ಕಿವಿಗೆ ಹೇಳುತ್ತದೆ.

ಮೆಮೊರಿ ಮೇಲೆ ಅನುಮಾನ ಯಾಕೆ?

ಅಂದಿನ ಎಂಜಿನಿಯರ್‌ಗಳು ಮೆಮೊರಿಯನ್ನು ಪೂರ್ತಿ ನಂಬುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. 1978ರ ಹೊತ್ತಿಗೆ ಇಂಟೆಲ್ ಕಂಪನಿಯ ಮೆಮೊರಿ ಚಿಪ್‌ಗಳು ಕಾರಣವಿಲ್ಲದೆ ತಪ್ಪು ಮಾಡುತ್ತಿದ್ದವು. ಟಿಮೊಥಿ ಮೇ ಎಂಬ ವಿಜ್ಞಾನಿ ಮೂಲ ಹುಡುಕಿದರು. ಚಿಪ್ ಸುತ್ತಲಿನ ಪಿಂಗಾಣಿ ಕವಚದಲ್ಲೇ ಅತಿ ಸಣ್ಣ ಪ್ರಮಾಣದ ವಿಕಿರಣ ವಸ್ತು ಸೇರಿಕೊಂಡಿತ್ತು. ಅದರಿಂದ ಹೊರಟ ಕಣ ಬಡಿದಾಗ ಒಳಗಿನ 0 ಹೋಗಿ 1 ಆಗಬಹುದು, 1 ಹೋಗಿ 0 ಆಗಬಹುದು.

ಅದಕ್ಕೇ ಐಬಿಎಂ ಪಿಸಿಯಲ್ಲಿ ಪ್ರತಿ 8 ಬಿಟ್‌ಗೆ 9ನೆಯದೊಂದು ಬಿಟ್ ಕಾವಲಿಗೆ ಇತ್ತು. ಇದಕ್ಕೆ ಪ್ಯಾರಿಟಿ ಎನ್ನುತ್ತಾರೆ. ಲೆಕ್ಕ ತಪ್ಪಿದರೆ ಯಂತ್ರ ಕೆಲಸ ನಿಲ್ಲಿಸಿಬಿಡುತ್ತಿತ್ತು. ತಪ್ಪು ಲೆಕ್ಕ ಕೊಡುವುದಕ್ಕಿಂತ ನಿಲ್ಲುವುದೇ ಮೇಲು ಎಂಬುದು ಅವರ ವಿಚಾರ.

ಕಂಪ್ಯೂಟರಿನ ಆರ್‌ಟಿಸಿ

ಇನ್ನು ತಾರೀಖಿನ ವಿಷಯ. 1981ರ ಪಿಸಿಗೆ ಕರೆಂಟು ಹೋದಾಗಲೂ ಓಡುವ ಗಡಿಯಾರ ಇರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗ ತಾರೀಖನ್ನು ನಾವೇ ಟೈಪ್ ಮಾಡಬೇಕಿತ್ತು. ಮೆಮೊರಿ ಎಷ್ಟಿದೆ ಎಂದು ತಿಳಿಸಲು ಬೋರ್ಡ್ ಮೇಲಿನ ಪುಟ್ಟ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಬೇಕಿತ್ತು.

1984ರಲ್ಲಿ ಬಂದ ಐಬಿಎಂ ಎಟಿ ಯಂತ್ರ ಇದನ್ನು ಬದಲಿಸಿತು. ಮೊಟೊರೊಲಾ ಕಂಪನಿಯ ಗಡಿಯಾರದ ಚಿಪ್, ಅದರೊಳಗೆ 64 ಬೈಟ್ ನೆನಪು, ಎರಡನ್ನೂ ಜೀವಂತ ಇಡಲು ಒಂದು ಬ್ಯಾಟರಿ. ಈ ಗಡಿಯಾರಕ್ಕೆ ರಿಯಲ್ ಟೈಮ್ ಕ್ಲಾಕ್ ಎಂದು ಹೆಸರು, ಚಿಕ್ಕದಾಗಿ ಆರ್‌ಟಿಸಿ. ನಮ್ಮ ಕಡೆ ಆರ್‌ಟಿಸಿ ಎಂದರೆ ಪಹಣಿ. ಭೂಮಿ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಂಪ್ಯೂಟರಿನಿಂದ ಪಹಣಿ ಬರತೊಡಗಿದಾಗ, ಆ ಆರ್‌ಟಿಸಿ ಕೊಡುವ ಯಂತ್ರದ ಹೊಟ್ಟೆಯಲ್ಲೂ ಈ ಆರ್‌ಟಿಸಿ ಇತ್ತು ಎಂಬುದು ನಮಗೆ ಈಗ ಹೊಳೆಯಿತು.

ಬ್ಯಾಟರಿ ಸತ್ತರೆ ಎಟಿ ಯಂತ್ರ 161 ಎಂಬ ಅಂಕಿ ತೋರಿಸುತ್ತಿತ್ತು. ನಮ್ಮದು 2002ಕ್ಕೆ ಓಡುತ್ತಿತ್ತು. ರೋಗ ಒಂದೇ.

ಗುಟ್ಟು ಹೊರಬಿದ್ದ ಕತೆ

ಐಬಿಎಂ ಯಂತ್ರದ ರೋಗ ನಮ್ಮ ತಾಲ್ಲೂಕಿನ ಪೆಟ್ಟಿಗೆಗೆ ಬಂದದ್ದು ಹೇಗೆ? ಐಬಿಎಂ ತನ್ನ ಬಯೋಸ್‌ನ ಪೂರ್ತಿ ಬರಹವನ್ನು ಕೈಪಿಡಿಯಲ್ಲಿ ಅಚ್ಚು ಹಾಕಿತ್ತು. ಯಾರು ಬೇಕಾದರೂ ಓದಬಹುದು, ನಕಲು ಮಾಡುವಂತಿಲ್ಲ. ಹ್ಯೂಸ್ಟನ್ನಿನ ಕಾಂಪ್ಯಾಕ್ ಕಂಪನಿ ಒಂದು ಉಪಾಯ ಮಾಡಿತು. ಒಂದು ಗುಂಪು ಆ ಬಯೋಸ್ ಏನೇನು ಮಾಡುತ್ತದೆ ಎಂದು ಪಟ್ಟಿ ಬರೆಯಿತು. ಮೂಲವನ್ನು ನೋಡಿಯೇ ಇರದ ಇನ್ನೊಂದು ಗುಂಪು ಆ ಪಟ್ಟಿ ಹಿಡಿದು ಹೊಸದಾಗಿ ಬರೆಯಿತು. 1982ರ ನವೆಂಬರಿನಲ್ಲಿ ಅವರ ಯಂತ್ರ ಪ್ರಕಟವಾಯಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇಂಥದ್ದೇ ಬಯೋಸನ್ನು ಎಲ್ಲರಿಗೂ ಮಾರತೊಡಗಿತು. 1985ರಲ್ಲಿ ಭಾರತದಿಂದ ಹೋದ ಸುಬ್ರಮೋನಿಯನ್ ಶಂಕರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಅಮೆರಿಕನ್ ಮೆಗಾಟ್ರೆಂಡ್ಸ್ ಕಟ್ಟಿದರು. ಅದರ ಬಯೋಸ್ ಲೆಕ್ಕವಿಲ್ಲದಷ್ಟು ಅಗ್ಗದ ಕಂಪ್ಯೂಟರ್‌ಗಳಿಗೆ ಹೋಯಿತು. ನಮ್ಮದಕ್ಕೂ ಅದೇ.

ಆ ಬಯೋಸ್‌ನ ಪಟ್ಟಿಯಲ್ಲಿ ಮೂರು ಬೀಪ್‌ನ ಅರ್ಥ: ಮೊದಲ 64 ಕೆಬಿ ಮೆಮೊರಿಯಲ್ಲಿ ತೊಂದರೆ. 1981ರ ಬೋರ್ಡಿನ ಆ 64 ಕೆಬಿ ಲೆಕ್ಕವೇ ಇನ್ನೂ ನಡೆಯುತ್ತಿತ್ತು!

ನಾವು ಮಾಡಿದ್ದು

ಕರೆಂಟಿನ ವೈರ್ ಕಿತ್ತೆವು. ಪೆಟ್ಟಿಗೆಯ ಬರಿ ಲೋಹ ಮುಟ್ಟಿ ಕೈಯಲ್ಲಿನ ಸ್ಥಾಯಿ ವಿದ್ಯುತ್ ಕಳೆದುಕೊಂಡೆವು. ಧೂಳು ಒರೆಸಿದೆವು. ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕ್ಲಿಪ್ ಬಿಡಿಸಿ ಹೊರತೆಗೆದೆವು. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆವು. ಎರಡು ಪಟ್ಟಿ ಇದ್ದರೆ ಒಂದೊಂದೇ ಹಾಕಿ ನೋಡಬೇಕು. ಆಗ ಕೆಟ್ಟಿದ್ದು ಯಾವುದು ಎಂದು ತಿಳಿಯುತ್ತದೆ.

ಆಮೇಲೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ಲು ಬದಲಿಸಿದೆವು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹಳೆಯದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಜೀವಕ್ಕೇ ಅಪಾಯ.

ಒಂದು ಕೆಲಸ ಮಾತ್ರ ಮಾಡಲಿಲ್ಲ. ಬಯೋಸ್ ಅಪ್‌ಡೇಟ್ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಈಗಿನ ಬಯೋಸ್ ಚಿಪ್ ಅಳಿಸಿ ಬರೆಯುವಂಥದ್ದು. ಅದೇ ಅನುಕೂಲ, ಅದೇ ಅಪಾಯ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಬಯೋಸನ್ನೇ ಅಳಿಸಿ ಹಲವು ದೇಶಗಳಲ್ಲಿ ಯಂತ್ರಗಳನ್ನು ಮಲಗಿಸಿತ್ತು. ಅಪ್‌ಡೇಟ್ ನಡುವೆ ಕರೆಂಟು ಹೋದರೂ ಅದೇ ಗತಿ ಆಗಬಹುದು. ನಮ್ಮ ಊರಿನ ಕರೆಂಟು ನಿಮಗೆ ಗೊತ್ತಲ್ಲ.

ಗುಂಡಿ ಒತ್ತಿದೆವು. ಒಂದೇ ಬೀಪ್. ಪರದೆ ಬೆಳಗಿತು. ಡಿಲೀಟ್ ಕೀಲಿ ಒತ್ತಿ ಬಯೋಸ್ ಒಳಗೆ ಹೋಗಿ ತಾರೀಖು ಸರಿ ಮಾಡಿದೆವು. ಇದು ಕೈಕೊಟ್ಟಿದ್ದರೂ ಫೋಟೊ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಬಿಚ್ಚಿ ಬೇರೆ ಯಂತ್ರದಲ್ಲಿ ನೋಡಬಹುದಿತ್ತು. ಆದ್ದರಿಂದ ಹಳೇ ಪೆಟ್ಟಿಗೆಯನ್ನು ಡಿಸ್ಕ್ ಸಮೇತ ಗುಜರಿಗೆ ಕೊಡಬೇಡಿ.

ಸೆಲ್ಲು ಸತ್ತ ತಿಂಗಳುಗಳಲ್ಲಿ ನಾವು ಬರೆದಿಟ್ಟ ಎಷ್ಟೋ ವರದಿಗಳ ಮೇಲೆ ಈಗಲೂ 2002ರ ತಾರೀಖಿದೆ. ಸುದ್ದಿ ಬರೆಯುವವರಿಗೆ ಇದು ಸಣ್ಣ ತಪ್ಪಲ್ಲ. ಅವನ್ನು ಒಂದೊಂದಾಗಿ ತಿದ್ದುತ್ತಿದ್ದೇವೆ. ಅಜ್ಜನ ಮನೆಯ ಫೋಟೊ ಸಿಕ್ಕಿತು. ಅದರ ತಾರೀಖು ಕ್ಯಾಮೆರಾದ್ದು, 2009 ಎಂದೇ ಇತ್ತು. ಎರಡು ಪ್ರತಿ ತೆಗೆಸಿ ಕೊಟ್ಟೆವು. ಅಜ್ಜ ಫೋಟೊ ಹಿಡಿದು ಬಹಳ ಹೊತ್ತು ನೋಡಿದರು. ಬಾಗಿಲ ಚೌಕಟ್ಟು ಇನ್ನೂ ನಿಂತಿತ್ತು.