ಖಾಸಗಿ ಜಮೀನು ಮತ್ತು ವನ್ಯಜೀವಿ ಸಂರಕ್ಷಣೆ (ಕರ್ನಾಟಕ)

ವ್ಯಕ್ತಿ, ಕುಟುಂಬ ಅಥವಾ ಗ್ರಾಮ ಸಮುದಾಯದ ಒಡೆತನದಲ್ಲಿರುವ ನೆಲವನ್ನು ಖರೀದಿ, ಒಪ್ಪಂದ ಅಥವಾ ಸ್ವಯಂಪ್ರೇರಣೆಯ ಮೂಲಕ ಕಾಡುಪ್ರಾಣಿಗಳ ಉಳಿವಿಗೆ ಒದಗಿಸುವ ಕ್ರಮಗಳು ಕರ್ನಾಟಕದ ಹಲವೆಡೆ ನಡೆದಿವೆ. ಮೇವು, ನೀರು ಅರಸಿ ಪ್ರಾಣಿಗಳು ಸಂರಕ್ಷಿತ ಪ್ರದೇಶದ ಗಡಿ ದಾಟುವುದರಿಂದ, ಗಡಿಯಾಚೆಗಿನ ಜಮೀನಿನ ಬಳಕೆಯೂ ಅವುಗಳ ಭವಿಷ್ಯವನ್ನು ನಿರ್ಧರಿಸುತ್ತದೆ.

ಕಾನೂನು

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಅಭಯಾರಣ್ಯ ಘೋಷಣೆಯ ವೇಳೆ ಆ ನೆಲದ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನು ಜಿಲ್ಲಾಧಿಕಾರಿ ವಿಚಾರಣೆ ನಡೆಸಿ ನಿರ್ಧರಿಸಬೇಕು. ಹಕ್ಕು ಸಾಬೀತಾದ ಜಮೀನನ್ನು ಗಡಿಯಿಂದ ಕೈಬಿಡಬಹುದು, ಸ್ವಾಧೀನಪಡಿಸಿಕೊಳ್ಳಬಹುದು ಅಥವಾ ಹಕ್ಕನ್ನು ಮುಂದುವರಿಸಲು ಅವಕಾಶ ನೀಡಬಹುದು. ರಾಷ್ಟ್ರೀಯ ಉದ್ಯಾನದ ನಿಯಮ ಇನ್ನೂ ಬಿಗಿಯಾದುದು: ಅಲ್ಲಿನ ಎಲ್ಲ ಹಕ್ಕುಗಳೂ ರಾಜ್ಯ ಸರ್ಕಾರಕ್ಕೆ ಸೇರಿದ ನಂತರವೇ ಅಂತಿಮ ಅಧಿಸೂಚನೆ ಹೊರಡಿಸಬಹುದು.

2002ರ ತಿದ್ದುಪಡಿಯು 'ಸಂರಕ್ಷಣಾ ಮೀಸಲು' ಮತ್ತು 'ಸಮುದಾಯ ಮೀಸಲು' ಎಂಬ ಎರಡು ಹೊಸ ವರ್ಗಗಳನ್ನು ಸೇರಿಸಿತು. ಮೊದಲನೆಯದು ಸರ್ಕಾರಿ ಜಮೀನಿಗೆ, ಎರಡನೆಯದು ಮಾಲೀಕರು ಸ್ವಇಚ್ಛೆಯಿಂದ ಮುಂದೆ ಬಂದ ಖಾಸಗಿ ಅಥವಾ ಸಾಮುದಾಯಿಕ ಜಮೀನಿಗೆ ಅನ್ವಯಿಸುತ್ತದೆ. ಸಮುದಾಯ ಮೀಸಲಿನಲ್ಲಿ ಒಡೆತನ ಬದಲಾಗುವುದಿಲ್ಲ. ಆದರೆ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆಯಿಲ್ಲದೆ ನೆಲದ ಬಳಕೆಯನ್ನು ಬದಲಿಸುವಂತಿಲ್ಲ.

ನಿದರ್ಶನಗಳು

ಖರೀದಿಯ ಸ್ಪಷ್ಟ ನಿದರ್ಶನ ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರ್. ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೆ ಸೇರಿಸುವ ಈ ಕಿರಿದಾದ ದಾರಿಯಲ್ಲಿ ಕೃಷಿ ಜಮೀನುಗಳಿದ್ದವು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆಯನ್ನು ಕೊಂಡು ರಾಜ್ಯ ಅರಣ್ಯ ಇಲಾಖೆಗೆ ಹಸ್ತಾಂತರಿಸಿತು. ವಿಸ್ತಾರ ಅಲ್ಪವೆನಿಸಿದರೂ, ಕಾರಿಡಾರಿನಲ್ಲಿ ಜಮೀನು ಎಲ್ಲಿದೆ ಎಂಬುದೇ ಅದರ ಅಳತೆಗಿಂತ ಮುಖ್ಯ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅತ್ತಿ ಮುಂತಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಕ್ಕಿಗಳಿಂದ ಹುಣಸೆ ಫಸಲು ಕಳೆದುಕೊಳ್ಳುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ನೀಡುತ್ತ ಬಂದಿದೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಸೇರುತ್ತದೆ. 2007ರಲ್ಲಿ ಇದು ಸಮುದಾಯ ಮೀಸಲಾಯಿತು.

ಕೊಡಗಿನ ಬ್ರಹ್ಮಗಿರಿ ತಪ್ಪಲಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಿಂದ ಹಂತಹಂತವಾಗಿ ಜಮೀನು ಕೊಂಡು, ಸುಮಾರು 300 ಎಕರೆಯಲ್ಲಿ ಕಾಡನ್ನು ಬೆಳೆಯಲು ಬಿಟ್ಟರು. 'ಸಾಯಿ ಸ್ಯಾಂಕ್ಚುಯರಿ' ಎಂಬ ಹೆಸರಿದ್ದರೂ ಇದು ಸರ್ಕಾರ ಘೋಷಿಸಿದ ಅಭಯಾರಣ್ಯವಲ್ಲ, ಖಾಸಗಿ ಆಸ್ತಿ.

ಹಾವೇರಿ ಜಿಲ್ಲೆಯ ಸ್ಥಿತಿ

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಸ್ಥಾಪಿತವಾಯಿತು. 119 ಚದರ ಕಿ.ಮೀ. ವಿಸ್ತಾರದಲ್ಲಿ ಕೇಂದ್ರ ವಲಯ 14.87 ಚ.ಕಿ.ಮೀ. ಮಾತ್ರ. ಕೃಷ್ಣಮೃಗ ಮತ್ತು ಎರೆಭೂತ ಪಕ್ಷಿಗೆ ಬೇಕಾದುದು ಬಯಲು ಹುಲ್ಲುಗಾವಲು. ಅಭಯಾರಣ್ಯದ ಬಹುಭಾಗದಲ್ಲಿ ಬೆಳೆಸಿದ್ದು ನೀಲಗಿರಿ ನೆಡುತೋಪು. ನೆಡುತೋಪು ದಟ್ಟವಾದಂತೆ ಹುಲ್ಲು ಕುಗ್ಗುತ್ತದೆ. ಹೀಗಾಗಿ ಹಿಂಡುಗಳು ಸುತ್ತಲಿನ ರೈತರ ಹೊಲಗಳಿಗೆ ಇಳಿದು ಪೈರು ಮೇಯುತ್ತವೆ. ಅಧಿಸೂಚನೆಯಲ್ಲಿ ಸೇರದಿದ್ದರೂ ಈ ಹೊಲಗಳು ವಾಸ್ತವದಲ್ಲಿ ಜಿಂಕೆಗಳ ಮೇವಿನ ನೆಲೆಯೇ ಆಗಿವೆ.

ಇಲ್ಲಿ ಹೊಲಗಳನ್ನು ಅಭಯಾರಣ್ಯಕ್ಕೆ ಸೇರಿಸುವ ಮಾತಿಗಿಂತ ಮೊದಲು ಒಳಗಿನ ಹುಲ್ಲುಗಾವಲಿನ ಪ್ರಶ್ನೆ ಎದುರಾಗುತ್ತದೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯಲು ಅವಕಾಶವಿದೆ. ಆದರೆ ಈ ಪರಿಹಾರವು ಆದ ನಷ್ಟಕ್ಕೆ ಕೊಡುವಂಥದು. ಹೊಲದ ಅಂಚಿನಲ್ಲಿ ಹುಲ್ಲು ಉಳಿಸಿದ ಅಥವಾ ಬೇಲಿ ಹಾಕದೆ ಬಿಟ್ಟ ರೈತನಿಗೆ ಸಲ್ಲುವ ಪ್ರತಿಫಲವಲ್ಲ. ಇದೇ ಜಿಲ್ಲೆಯ ಬಂಕಾಪುರ ಕೋಟೆಯಲ್ಲಿರುವ ನವಿಲುಗಳ ಸಂರಕ್ಷಣಾ ಮೀಸಲಿಗೆ ಈ ತೊಡಕು ಎದುರಾಗಲಿಲ್ಲ. ಅದು ಸರ್ಕಾರಿ ನೆಲ, ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರದ ಆವರಣ.