ಟರ್ಬೊ ಮತ್ತು ಇಂಧನ ವ್ಯವಸ್ಥೆಯ ಉನ್ನತೀಕರಣ

ಕಾರಿನ ಶಕ್ತಿ ಹೆಚ್ಚಿಸಲು ಟರ್ಬೊಚಾರ್ಜರ್, ಇಂಜೆಕ್ಟರ್ ಮತ್ತು ಇಂಧನ ಪಂಪನ್ನು ಪರಸ್ಪರ ಹೊಂದುವಂತೆ ಬದಲಿಸುವ ಕ್ರಮ. ಟರ್ಬೊ ಕಾರಿಗೆ ಉದಾಹರಣೆ: 2004ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಸುಮಾರು 150 ಅಶ್ವಶಕ್ತಿ ಕೊಡುತ್ತಿತ್ತು.

ಟರ್ಬೊ: ಚಿಕ್ಕದು ಕಡಿಮೆ ವೇಗದಲ್ಲೇ ಗಾಳಿಯ ಒತ್ತಡ ಕಟ್ಟುತ್ತದೆ, ಮೇಲಿನ ವೇಗದಲ್ಲಿ ಸೋಲುತ್ತದೆ, ದೊಡ್ಡದು ತಡವಾಗಿ ಎಚ್ಚೆತ್ತರೂ ಹೆಚ್ಚು ಗಾಳಿ ತಳ್ಳುತ್ತದೆ. ದಿನನಿತ್ಯದ ಓಡಾಟಕ್ಕೆ ಮಧ್ಯಮ ಗಾತ್ರವೇ ಸೂಕ್ತ. ಮಹಾರಾಷ್ಟ್ರದ ಮರಾಠವಾಡದಂಥ ಕಡೆಯ ಬೇಸಿಗೆಯಲ್ಲಿ ಗಾಳಿಯನ್ನು ತಂಪಾಗಿಸುವ ಒಳ್ಳೆಯ ಇಂಟರ್‌ಕೂಲರ್ ಅನಿವಾರ್ಯ, ಏಕೆಂದರೆ ಬಿಸಿ ಗಾಳಿ ತೆಳು, ಇಂಧನ ತಾನಾಗಿಯೇ ಹೊತ್ತಿಕೊಳ್ಳುವ ನಾಕಿಂಗ್‌ಗೂ ದಾರಿ.

ಇಂಧನ: ಒಂದು ಪಾಲು ಶುದ್ಧ ಪೆಟ್ರೋಲಿನ ಪೂರ್ಣ ದಹನಕ್ಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಟರ್ಬೊ ಎಂಜಿನ್ ಪೂರ್ಣ ಹೊರೆ ಹೊತ್ತಾಗ ಈ ಗಾಳಿಯ ಪಾಲನ್ನು 12ರ ಆಸುಪಾಸಿಗೆ ಇಳಿಸುತ್ತಾರೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಇಂಜೆಕ್ಟರ್ ಇನ್ನೂ ಹೆಚ್ಚು ಇಂಧನ ಹರಿಸಬೇಕು. ಪಂಪು ಸೋತರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕರಗಬಹುದು. ಆದ್ದರಿಂದ ಮೊದಲು ಇಂಧನ ಪೂರೈಕೆ, ಬಳಿಕ ಟರ್ಬೊ, ಕೊನೆಗೆ ಇಸಿಯು (ಎಂಜಿನ್ ನಿಯಂತ್ರಣ ಘಟಕ) ಹೊಂದಾಣಿಕೆ ಎಂಬುದೇ ಸುರಕ್ಷಿತ ಕ್ರಮ.

ಕಾನೂನು: ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.